ಕರ್ನಲ್ ಎಲಿಸೆಯೊ ಕೊಟ್ಟ ಮಾತು

ನ್ಯೂ ಮೆಕ್ಸಿಕೊದ ನಮ್ಮ ಬಯಲಿನಿಂದ ಸೈನ್ಯಕ್ಕೆ ಒಬ್ಬರಾದರೂ ಹೋಗದ ಮನೆಯೇ ಇರಲಿಲ್ಲ. ಸ್ಪ್ಯಾನಿಷ್ ಮಾತಾಡುವ ನಮ್ಮವರು ಅಲ್ಲಿ ಕುದುರೆಗೆ ಲಾಳ ಹೊಡೆದರು, ಅಡುಗೆ ಮಾಡಿದರು, ಕಂದಕ ತೋಡಿದರು, ಕೆಲವರು ಸತ್ತರು. ಆದರೆ ಅಧಿಕಾರಿಯಾಗಿ, ಭುಜದ ಮೇಲೆ ಪಟ್ಟಿ ಹಾಕಿಕೊಂಡು ಬಂದವರಲ್ಲಿ ನನ್ನ ದೊಡ್ಡಪ್ಪನ ಮಗ ಎಲಿಸೆಯೊ ಬರೇಲಾನೇ ಮೊದಲಿಗ.

ಅವನಿಗೆ ಇನ್ನೂ ನಡೆಯಲು ಬಾರದಿದ್ದಾಗ ಜ್ವರ ಬಂದು ಅವನ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದ್ದು ನನ್ನ ಅಪ್ಪ ಕೋಸ್ಮೆ. ಗುಡ್ಡದ ಬುಡದಲ್ಲಿ ನಮ್ಮದೊಂದು ಜಾಗವಿತ್ತು, ಸಿಯೆನೆಗಿತಾ ಅಂತ. ಒಂದು ನೀರಿನ ಊಟೆ, ಮಣ್ಣಿಟ್ಟಿಗೆಯ ಮನೆ, ನೀರೆತ್ತುವ ಗಾಳಿಯಂತ್ರ, ಆಡುಗಳು, ಒಂದಿಷ್ಟು ದನ. ಎಲಿಸೆಯೊ ಕುದುರೆ ಹತ್ತಲು ಕಲಿತದ್ದು ಅಲ್ಲೇ. ಅವನ ಅಪ್ಪ ಅಮ್ಮನನ್ನು ಹೂತಿದ್ದೂ ಅಲ್ಲೇ, ಮನೆಯ ಹಿಂದೆ.

ಲೆಫ್ಟಿನೆಂಟ್ ಆಗಿ ಮೊದಲ ಸಲ ರಜಕ್ಕೆ ಬಂದಾಗ ಅವನು ಅಧಿಕಾರಿಗಳ ಊಟದ ಮನೆಯ ಕಥೆ ಹೇಳಿದ. ಒಳಗೆ ಕಾಲಿಟ್ಟ ಕೂಡಲೇ ಯಾರೋ ಅವನ ಕೈಗೆ ಎಂಜಲು ತಟ್ಟೆ ಕೊಟ್ಟು, ಕಾಫಿ ತಾ ಅಂದರಂತೆ.

“ಆಮೇಲೆ?” ಅಮ್ಮ ಕೇಳಿದಳು.

“ಆಮೇಲೇನು ಚಿಕ್ಕಮ್ಮ, ತಂದುಕೊಟ್ಟೆ. ನಂಗೂ ಒಂದು ಲೋಟ ತಗೊಂಡು ಅವನ ಪಕ್ಕದಲ್ಲೇ ಕೂತೆ. ಪಾಪ, ಅವನಿಗೆ ಗಂಟಲಲ್ಲಿ ಇಳೀಲಿಲ್ಲ.”

ಬರೇಲಾ ಅನ್ನಲು ಬಾರದೆ ಅಲ್ಲಿ ಎಲ್ಲರೂ ಅವನನ್ನು ಬ್ಯಾರೆಲ್ ಅನ್ನುತ್ತಿದ್ದರು. ಅಪ್ಪನಿಗೆ ಅದನ್ನು ಕೇಳಿ ನಗು ತಡೆಯಲಾಗಲಿಲ್ಲ. “ನಾವು ಓದಿಸಿ ಕಳಿಸಿದ್ದಕ್ಕೆ ವಂಶದ ಹೆಸರನ್ನೇ ಪೀಪಾಯಿ ಮಾಡ್ಕೊಂಡು ಬಂದಿದಾನಲ್ಲೇ!” ಅಂದ. ಆದರೂ ಮರುದಿನ ಅವನನ್ನು ಸಮವಸ್ತ್ರದಲ್ಲೇ ಕುದುರೆ ಹತ್ತಿಸಿ ಅಕ್ಕಪಕ್ಕದವರಿಗೆಲ್ಲ ತೋರಿಸಿಕೊಂಡು ಬಂದ.

ಯುದ್ಧ ಶುರುವಾದ ಚಳಿಗಾಲದಲ್ಲಿ ಎಲಿಸೆಯೊ ಮತ್ತೆ ಬಂದ. ಈ ಸಲ ಜೀಪಿನಲ್ಲಿ, ಕನ್ನಡಕದ ಕ್ಯಾಪ್ಟನ್ ಒಬ್ಬನ ಜೊತೆ. ಬಾಂಬು ಹಾಕುವ ಅಭ್ಯಾಸಕ್ಕೆ ಸೈನ್ಯಕ್ಕೆ ನಮ್ಮ ಬಯಲು ಬೇಕಾಗಿತ್ತು. ಕ್ಯಾಪ್ಟನ್‌ಗೆ ಸ್ಪ್ಯಾನಿಷ್ ಬಾರದು, ಮನೆಗಳನ್ನು ಖಾಲಿ ಮಾಡಿಸಲು ನಮ್ಮ ಭಾಷೆಯವನೇ ಬೇಕೆಂದು ಇವನನ್ನು ಕಳಿಸಿದ್ದರು.

“ಯುದ್ಧ ಮುಗಿಯೋವರೆಗೆ ಮಾತ್ರ ಚಿಕ್ಕಪ್ಪ. ಆಮೇಲೆ ವಾಪಸ್ ಕೊಡ್ತಾರೆ.”

“ಯಾರು ಹೇಳಿದ್ದು?”

“ಸರ್ಕಾರ.”

“ಸರ್ಕಾರ ನಂಗೆ ಪರಿಚಯ ಇಲ್ಲ ಮಗಾ. ನೀನು ಹೇಳ್ತೀಯಾ?”

ಎಲಿಸೆಯೊ ಕ್ಯಾಪ್ಟನ್ ಕಡೆ ನೋಡಿದ. ಅವನು ಗೋಡೆಗೆ ತೂಗುಹಾಕಿದ್ದ ಮೆಣಸಿನಕಾಯಿ ಸರಗಳನ್ನು ನೋಡುತ್ತಿದ್ದ.

“ನಾನು ಹೇಳ್ತೀನಿ ಚಿಕ್ಕಪ್ಪ. ಮಾತು ಕೊಡ್ತೀನಿ.”

ಅಪ್ಪ ಕಾಗದಕ್ಕೆ ಸಹಿ ಹಾಕಿದ. ಕೋಸ್ಮೆ ಹಾಕಿದ ಅಂತ ಬಯಲಿನ ಉಳಿದವರೂ ಹಾಕಿದರು. ಹೊರಡುವ ದಿನ ಅಪ್ಪ ಒಲೆಯ ಪಕ್ಕ ಸೌದೆ ಒಟ್ಟಿ, ಗಾಳಿಯಂತ್ರಕ್ಕೆ ಎಣ್ಣೆ ಬಿಟ್ಟು, ಬಾಗಿಲನ್ನು ಸುಮ್ಮನೆ ಎಳೆದುಕೊಂಡ. ಆಡುಗಳನ್ನು ದಾರಿಯಲ್ಲೇ ಮಾರಿದೆವು. ಹಾಗೇ ಪೇಟೆ ಸೇರಿದೆವು.

ಎಲಿಸೆಯೊ ಇಟಲಿಯಲ್ಲಿ ಹೋರಾಡಿದ. ಸೊಂಟಕ್ಕೆ ಗುಂಡು ತಗುಲಿದರೂ ತನ್ನ ತುಕಡಿಯನ್ನು ನದಿ ದಾಟಿಸಿದನೆಂದು ಪದಕ ಕೊಟ್ಟರು. ಮೇಜರ್ ಆಗಿ ಹಿಂದಿರುಗಿದಾಗ ಪೇಟೆಯ ಜನ ಬ್ಯಾಂಡು ಬಾರಿಸಿ ಕರೆತಂದರು. ನಾವು ಆಗ ರೈಲು ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿದ್ದೆವು, ಅಪ್ಪ ಶಾಲೆಯೊಂದರಲ್ಲಿ ಕಸ ಗುಡಿಸುತ್ತಿದ್ದ.

“ಯುದ್ಧ ಮುಗೀತಲ್ಲ ಮಗಾ?” ಊಟಕ್ಕೆ ಕೂತಾಗ ಅಪ್ಪ ಕೇಳಿದ.

“ಮುಗೀತು ಚಿಕ್ಕಪ್ಪ.”

“ಹಂಗಾದ್ರೆ ಆ ಸುದ್ದಿ ನಮ್ಮ ಸಿಯೆನೆಗಿತಾಗೆ ಇನ್ನೂ ತಲುಪಿಲ್ಲ ಅನ್ಸುತ್ತೆ. ಅಲ್ಲಿ ದಿನಾ ಬಾಂಬು ಬೀಳ್ತಾ ಇದೆ.”

ಎಲಿಸೆಯೊ ವಿಚಾರಿಸುತ್ತೇನೆ ಅಂದ, ವಿಚಾರಿಸಿದ ಕೂಡ. ಮೇಲಧಿಕಾರಿಯೊಬ್ಬ ಅವನ ಹೆಗಲ ಮೇಲೆ ಕೈಹಾಕಿ, ನಿನ್ನ ಬಡ್ತಿ ಹತ್ತಿರ ಬರುತ್ತಿದೆ, ಇದನ್ನೆಲ್ಲ ಕೆದಕಬೇಡ ಅಂದನಂತೆ. ಇದನ್ನು ಅವನೇ ನನಗೆ ಹೇಳಿದ್ದು, ತುಂಬ ವರ್ಷದ ಮೇಲೆ. ಆಗ ಬಾಯಿ ಮುಚ್ಚಿಕೊಂಡು ವಿದೇಶದ ಠಾಣೆಗೆ ಹೋದ.

ಕೊನೆಗೆ ಸೈನ್ಯದವರು ಜಾಗದ ವಿಷಯಕ್ಕೆ ಪೇಟೆಯ ಸಭಾಭವನದಲ್ಲಿ ಒಂದು ಸಭೆ ಕರೆದರು. ಎಲಿಸೆಯೊ ಬರುತ್ತಾನೆಂದು ಕೇಳಿ ಬಯಲಿನ ಹೆಂಗಸರು ಹಬ್ಬದ ಬಟ್ಟೆ ಉಟ್ಟು ಬಂದರು. ನಮ್ಮವನೇ ಇದ್ದಾನಲ್ಲ, ಇನ್ನೇನು ಚಿಂತೆ ಅನ್ನುತ್ತಿದ್ದರು. ಅವನು ವೇದಿಕೆಯ ಮೇಲೆ, ಸೈನ್ಯದವರ ಸಾಲಿನಲ್ಲಿ ಕೂತಿದ್ದ. ಇನ್ನು ಅಲ್ಲಿ ಕ್ಷಿಪಣಿಗಳನ್ನು ಪರೀಕ್ಷಿಸಬೇಕು, ಜಾಗ ಇನ್ನೂ ಬಹಳ ಕಾಲ ಬೇಕು ಎಂದು ಅಧ್ಯಕ್ಷತೆ ವಹಿಸಿದ್ದವನು ಇಂಗ್ಲಿಷಿನಲ್ಲಿ ಹೇಳಿದ. ಎಲಿಸೆಯೊ ಅದನ್ನು ಒಳ್ಳೆಯ ಸ್ಪ್ಯಾನಿಷ್‌ನಲ್ಲಿ ನಮಗೆ ಹೇಳಿದ.

ಅಪ್ಪ ಟೋಪಿ ತೆಗೆದು ಎದ್ದು ನಿಂತ.

“ನಾನು ಸೈನ್ಯದವರನ್ನ ಕೇಳ್ತಿಲ್ಲ. ನಾನು ಸಾಕಿದ ಹುಡುಗನ್ನ ಕೇಳ್ತಿದೀನಿ. ನನ್ನ ಮನೇಲಿ ನಿಂತು ಮಾತು ಕೊಟ್ಟೆ. ಆ ಮಾತು ಏನಾಯ್ತು?”

ಅವನು ಏನನ್ನುತ್ತಿದ್ದಾನೆ ಎಂದು ಅಧ್ಯಕ್ಷ ಕೇಳಿದ. ಎಲಿಸೆಯೊ ಒಂದು ಸಲ ಕೆಮ್ಮಿದ. “ಇನ್ನೂ ಎಷ್ಟು ಕಾಲ ಆಗುತ್ತೆ ಅಂತ ತಿಳ್ಕೋಬೇಕಂತೆ, ಸರ್” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಷ್ಟು ಇಂಗ್ಲಿಷ್ ಅಪ್ಪನಿಗೂ ಬರುತ್ತಿತ್ತು. ಶಾಲೆಯ ಮಕ್ಕಳ ನಡುವೆ ಇದ್ದು ಕಲಿತಿದ್ದ. ಟೋಪಿ ಹಾಕಿಕೊಂಡು ಹೊರಟುಬಿಟ್ಟ. ಅವನ ಹಿಂದೆಯೇ ನಾನು ಓಡಿದೆ. ದಾರಿಯುದ್ದಕ್ಕೂ ಅವನು ಒಂದೇ ಮಾತು ಆಡಿದ್ದು: “ಆ ಹುಡುಗ ನನ್ನ ಗದರಿಸಿದ್ರೂ ಬೇಜಾರಿರ್ಲಿಲ್ಲ ಕಣೆ.”

ಮುಂದೆ ಎಲಿಸೆಯೊ ಕರ್ನಲ್ ಆದ. ನಮ್ಮವರಲ್ಲಿ ಆ ಹುದ್ದೆ ಕಂಡವನು ಅವನೇ ಮೊದಲು. ಪತ್ರಿಕೆಯಲ್ಲಿ ಫೋಟೋ ಬಂತು, ಚರ್ಚಿನ ಅಂಗಳದಲ್ಲಿ ಔತಣ ನಡೆಯಿತು. ಅಪ್ಪ ಮಂಡಿನೋವೆಂದು ಹೋಗಲಿಲ್ಲ. ಆಮೇಲೆ ಎಲಿಸೆಯೊ ಮನೆಗೆ ಬಂದಾಗಲೆಲ್ಲ ಅಪ್ಪ ಅವನಿಗೆ ಕುರ್ಚಿ ಎಳೆದು ಹಾಕುತ್ತಿದ್ದ, “ಬನ್ನಿ, ಕೂತ್ಕೊಳ್ಳಿ” ಅನ್ನುತ್ತಿದ್ದ. ಸಾಕಿದ ಮಗನಿಗೆ ಬಹುವಚನ. ಎಲಿಸೆಯೊನ ಮುಖ ನೋಡಲಾಗುತ್ತಿರಲಿಲ್ಲ.

ಸಿಯೆನೆಗಿತಾದಲ್ಲಿ ತನ್ನ ಅಣ್ಣನ ಪಕ್ಕದಲ್ಲೇ ಮಣ್ಣಾಗಬೇಕು ಅನ್ನುವುದು ಅಪ್ಪನ ಕೊನೆಯ ಆಸೆ. ಎಲಿಸೆಯೊ ಅನುಮತಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ. ನೆಲದಲ್ಲಿ ಸಿಡಿಯದ ಬಾಂಬುಗಳಿವೆ, ಆಗದು ಅಂದರು. ಅಪ್ಪನನ್ನು ಪೇಟೆಯಲ್ಲೇ ಹೂತೆವು.

ಅದೇ ವರ್ಷ ಎಲಿಸೆಯೊ ಸೈನ್ಯ ಬಿಟ್ಟ. ಬಯಲಿನ ಮನೆತನಗಳು ಸರ್ಕಾರದ ಮೇಲೆ ದಾವೆ ಹೂಡಿದಾಗ ತಾನಾಗಿಯೇ ಬಂದು ನಮ್ಮ ಪರ ಸಾಕ್ಷಿ ನಿಂತ. ಜಾಗ ವಾಪಸ್ ಬರುತ್ತೆಂದು ನಾನೇ ಮಾತು ಕೊಟ್ಟಿದ್ದೆ, ಅದನ್ನು ನಂಬಿ ಇವರು ಸಹಿ ಹಾಕಿದರು ಎಂದು ಎಲ್ಲರೆದುರು ಹೇಳಿದ. ಅವನ ಧ್ವನಿ ಅಷ್ಟು ಗಟ್ಟಿಯಾಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಸರ್ಕಾರದ ವಕೀಲ ಕೇಳಿದ್ದು ಒಂದೇ ಪ್ರಶ್ನೆ. “ಹಾಗೆ ಮಾತು ಕೊಡುವ ಅಧಿಕಾರ ನಿಮಗಿತ್ತೇ, ಕರ್ನಲ್?”

ಎಲಿಸೆಯೊ ಸುಳ್ಳು ಹೇಳಬಹುದಿತ್ತು. “ಇರಲಿಲ್ಲ” ಅಂದ.

ಅಲ್ಲಿಗೆ ದಾವೆ ಬಿದ್ದುಹೋಯಿತು. ಅಧಿಕಾರವಿಲ್ಲದವನ ಮಾತಿಗೆ ಸರ್ಕಾರ ಹೊಣೆಯಲ್ಲ ಎಂದು ತೀರ್ಪಾಯಿತು.

ಅಂದು ಸಂಜೆ ಅವನು ನಮ್ಮ ಅಡುಗೆಮನೆಗೆ ಬಂದು ಕೂತ.

“ಆವತ್ತು ಸಭೇಲೇ ಹೇಳ್ಬೇಕಿತ್ತು ಚಿಕ್ಕಮ್ಮ. ಚಿಕ್ಕಪ್ಪ ಎದ್ದು ನಿಂತಾಗಲೇ.”

“ಹೌದಪ್ಪ, ಹೇಳ್ಬೇಕಿತ್ತು,” ಅಂದಳು ಅಮ್ಮ. ಇರಲಿ ಬಿಡು ಅನ್ನುತ್ತಾಳೇನೋ ಎಂದು ನಾನು ಕಾದೆ. ಅನ್ನಲಿಲ್ಲ. ತಟ್ಟೆಗೆ ಬೇಯಿಸಿದ ಬೀನ್ಸ್ ಕಾಳು ಬಡಿಸಿ, ಮೇಲೆ ಕೆಂಪು ಮೆಣಸಿನ ಗೊಜ್ಜು ಹಾಕಿ ಅವನ ಮುಂದಿಟ್ಟಳು. ಅವನು ತಲೆ ತಗ್ಗಿಸಿ ತಿಂದ.

ಅವನು ಸತ್ತು ಬಹಳ ಕಾಲವಾಯಿತು. ಈಗ ನಮ್ಮವರಲ್ಲಿ ಅಧಿಕಾರಿಗಳು ಎಷ್ಟೋ ಜನ, ಹೆಣ್ಣುಮಕ್ಕಳೂ ಇದ್ದಾರೆ. ಮೊದಲ ಕರ್ನಲ್ ಬಗ್ಗೆ ಹೇಳಿ ಅಜ್ಜಿ ಎಂದು ನನ್ನ ಹತ್ತಿರ ಬರುತ್ತಾರೆ. ಇಟಲಿಯ ನದಿಯ ಕಥೆ ಹೇಳುತ್ತೇನೆ, ಕಣ್ಣರಳಿಸಿ ಕೇಳುತ್ತಾರೆ. ಆ ಸಭೆಯ ಕಥೆಗೆ ಬಂದಾಗ ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ. ಆದರೂ ಪೂರ್ತಿ ಹೇಳಿಯೇ ಕಳಿಸುತ್ತೇನೆ.