ಸಾಹೇಬರು ಬರುವ ದಿನ

ಕಾರ್ಮಿಕರ ಕಾಯ್ದೆ, ಪರಿಸರದ ಕಾಯ್ದೆ ಊರುಗಳಲ್ಲಿ ನಿಜಕ್ಕೂ ಹೇಗೆ ಜಾರಿಯಾಗುತ್ತವೆ ಎನ್ನುವುದು ನನ್ನ ಸಂಶೋಧನೆ. ಅದಕ್ಕೆಂದೇ ಸೊರಬದಿಂದ ಬಸ್ಸು ಹತ್ತಿ ಶಿಕಾರಿಪುರದ ಕಡೆಯ ಒಂದು ಜಲ್ಲಿ ಕ್ರಷರ್‌ಗೆ ಓಡಾಡುತ್ತಿದ್ದೆ. ಕಲ್ಲು ಪುಡಿಯಾಗುವಾಗ ನೀರು ಸಿಂಪಡಿಸಬೇಕು, ಧೂಳು ಏಳಬಾರದು ಎಂಬುದು ನಿಯಮ. ಪೈಪೇನೋ ಇತ್ತು, ನೀರು ಬಿಡುವವರಿರಲಿಲ್ಲ.

ಕ್ರಷರ್‌ನ ಬೇಲಿಗೆ ತಾಗಿಕೊಂಡೇ ಅಲ್ಲಿ ಕೂಲಿ ಮಾಡುವ ಒಬ್ಬಾಕೆಯ ಮನೆ. ಗಂಡನೂ ಅಲ್ಲೇ ದುಡಿದು, ಎದೆ ಹಾಳು ಮಾಡಿಕೊಂಡು ಒಳಗೆ ಮಲಗಿದ್ದ. ಬಾಗಿಲು ತೆರೆದರೆ ಧೂಳು, ಮುಚ್ಚಿದರೆ ಸೆಕೆ.

ತಪಾಸಣೆಯ ಅಧಿಕಾರಿ ಕೆಟ್ಟವರಲ್ಲ. ಆದರೆ ಬರುವ ಮುಂಚೆ ಮಾಲೀಕರಿಗೆ ಫೋನ್ ಮಾಡುತ್ತಿದ್ದರು. ಯಾಕೆ ಸಾರ್ ಎಂದು ಕೇಳಿದರೆ, “ಹೇಳದೆ ಕೇಳದೆ ಒಬ್ಬರ ಜಾಗಕ್ಕೆ ನುಗ್ಗೋದು ಚೆಂದ ಅಲ್ಲಮ್ಮ” ಎಂದರು. ಬೀಗರ ಮನೆಗೆ ಹೊರಟವರಂತೆ! ನನಗೆ ಮೈಯೆಲ್ಲ ಉರಿಯಿತು. ಫೋನ್ ಬಂದರೆ ಸಾಕು, ಇಲ್ಲಿ ಪೈಪಿಗೆ ನೀರು ಬರುತ್ತಿತ್ತು, ಮಂಡಕ್ಕಿ ಮಿರ್ಚಿಯೂ ಬರುತ್ತಿತ್ತು.

ಆಕೆಯ ಮುಂದೆ ಅವರನ್ನು ಚೆನ್ನಾಗಿ ಬೈದೆ. ಆಕೆ ನನ್ನನ್ನೇ ತಡೆದಳು.

“ಬೈಬ್ಯಾಡ್ರೀ ಮೇಡಂ. ಸಾಹೇಬ್ರು ಬರೋ ದಿನ ಧೂಳಿರಲ್ಲ. ನಮ್ಮನೆಯವ್ರು ಕಟ್ಟೆ ಮ್ಯಾಲೆ ಬಂದು ಕುಂದರ್ತಾರೆ, ಬಿಸಿಲು ಕಾಸ್ತಾರೆ. ಬರ್ತೀನಿ ಅಂತ ದಿನಾ ಫೋನ್ ಮಾಡಕ್ಕೆ ಹೇಳ್ರೀ. ಬರದಿದ್ರೂ ಚಿಂತಿಲ್ಲ.”

ಆಕೆ ಹೇಳಿದ್ದನ್ನು ಅಧಿಕಾರಿಗೆ ಮುಟ್ಟಿಸಿದೆ. ಸ್ವಲ್ಪ ದಿನಕ್ಕೇ ಅವರಿಗೆ ವರ್ಗವಾಯಿತು. ಹೊಸಬರು ಫೋನೂ ಮಾಡಲಿಲ್ಲ, ಬರಲೂ ಇಲ್ಲ.

ಮತ್ತೆ ನಾನು ಹೋದದ್ದು ಬೇಸಿಗೆಯ ಕೊನೆಗೆ. ಬಸ್ಸಿಳಿದರೆ ಕ್ರಷರ್‌ನ ಸದ್ದೇ ಇಲ್ಲ. ಅಂತೂ ತಪಾಸಣೆಗೆ ಯಾರೋ ಬಂದು ನಿಲ್ಲಿಸಿದರಲ್ಲ ಎಂದು ಖುಷಿಯಾಗಿ, ಬೇಗಬೇಗ ಹೆಜ್ಜೆ ಹಾಕಿದೆ.

ಆಕೆಯ ಮನೆ ಮುಂದೆ ಜನ ಸೇರಿದ್ದರು. ಮಾಲೀಕರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ನಾನು ಕೇಳದಿದ್ದರೂ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮಣ್ಣಾಗೋ ತನಕ ಮಿಷಿನ್ ಹಾಕಂಗಿಲ್ಲ ರೀ. ಪದ್ಧತಿ.”

ಅವರಿಗೆ ಯಾವ ಇಲಾಖೆಯೂ ನೋಟಿಸು ಕೊಟ್ಟಿರಲಿಲ್ಲ.

ಆಕೆಯ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಗಂಡನನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಬಿಸಿಲು ಮುಖದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಆಕೆ ನನ್ನ ಕೈ ಹಿಡಿದುಕೊಂಡಳು.

“ಇವತ್ತು ಧೂಳಿಲ್ಲ ನೋಡ್ರೀ ಮೇಡಂ,” ಎಂದಳು.