ಅತ್ತಿಗೆಯ ಕತ್ತರಿ ಸದ್ದು

ನಮ್ಮ ಅತ್ತಿಗೆ ಟೈಲರ್. ಅಂಗೈಯಗಲದ ಬಟ್ಟೆ ಚೂರನ್ನೂ ಬಿಸಾಡದ ಜೀವ. ಹೊಲಿಗೆ ಮುಗಿದ ಮೇಲೆ ಕಣ್ಣು ಕಾಣದ ಒಬ್ಬ ಹುಡುಗಿಗಾಗಿ ಪಾಠ ಓದಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ಸ್ಟುಡಿಯೋ ಎಂದರೆ ಬಟ್ಟೆ ಬೀರು! ದನಿ ಪ್ರತಿಧ್ವನಿಸದಿರಲೆಂದು ನೇತುಹಾಕಿದ ಅಂಗಿಗಳ ನಡುವೆ ತಲೆ ತೂರಿಸಿಕೊಂಡು ಓದುವ ಅವರನ್ನು ನೋಡಿ ನಾನು ನಕ್ಕಿದ್ದಕ್ಕೆ ಲೆಕ್ಕವಿಲ್ಲ.

ಓದುವಾಗ ತಪ್ಪಿದರೆ ಮೈಕಿನ ಹತ್ತಿರ ಕತ್ತರಿಯನ್ನು ಕಚಕ್ ಎನಿಸುತ್ತಾರೆ. ಪರದೆಯ ಮೇಲೆ ಧ್ವನಿಯ ಗೆರೆ ಅಲ್ಲಿ ಮೊಳೆಯ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಮೊಳೆ ಹುಡುಕಿ, ತಪ್ಪು ಕತ್ತರಿಸಿ, ಸರಿಯಾದದ್ದನ್ನಷ್ಟೇ ಜೋಡಿಸುವುದು. ಚಿಕ್ಕಂದಿನಲ್ಲಿ ತರಗತಿಯಲ್ಲಿ ತಡವರಿಸಿ ಓದಿ ನಗೆಪಾಟಲಾದವರು. ತಮ್ಮ ತಪ್ಪು ಇನ್ನೊಬ್ಬರ ಕಿವಿಗೆ ಬೀಳಬಾರದೆಂಬ ಹಟ. ಹಾಗಾದರೆ ಕತ್ತರಿಸಿದ್ದನ್ನು ಅಳಿಸಬೇಕಲ್ಲ? ಊಹೂಂ. ಬಟ್ಟೆ ಚೂರಿನಂತೆ ಅದನ್ನೂ ಕೂಡಿಟ್ಟರು. ಕೊನೆಗೊಂದು ಸಂಜೆ ಕಂಪ್ಯೂಟರು ಜಾಗವಿಲ್ಲವೆಂದು ಕೈಯೆತ್ತಿತು.

"ಆ ಕಸಾನೆಲ್ಲ ಅಳಿಸ್ಬಾರ್ದಾ ಅತ್ತಿಗೆ? ಮ್ಯೂಸಿಯಂ ಇಡ್ತೀರಾ?" ಎಂದು ರೇಗಿದೆ.

ಮರುದಿನವೇ ಹುಡುಗಿಯ ವಿಜ್ಞಾನ ಪರೀಕ್ಷೆ. ಹೃದಯದ ಪಾಠವೊಂದನ್ನು ಕಳಿಸುವುದು ಬಾಕಿಯಿತ್ತು. ಅತ್ತಿಗೆ ಹೊಲಿಗೆಯ ನ್ಯಾಯವನ್ನೇ ಇಲ್ಲಿಗೂ ಹಚ್ಚಿದರು: ಉಡುಪಿಗೆ ಸೇರದ್ದೆಲ್ಲ ಚೂರು. 'ಬಳಸದ ರೆಕಾರ್ಡಿಂಗ್ ಅಳಿಸು' ಎಂಬುದನ್ನು ಒತ್ತಿದರು, ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಹೃದಯದ ಪಾಠವನ್ನು ಬೆಳಿಗ್ಗೆಯೇ ಓದಿಟ್ಟಿದ್ದರು, ಆದರೆ ಇನ್ನೂ ಜೋಡಿಸಿರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅದೂ ಬಳಸದ್ದೇ, ಚೂರುಗಳ ಜೊತೆ ಹೋಯಿತು.

ಅತ್ತಿಗೆಯ ಮುಖ ಬಿಳಿಚಿತು. ಮತ್ತೆ ಓದಿ, ಕತ್ತರಿಸಿ, ಜೋಡಿಸುವಷ್ಟರಲ್ಲಿ ಹುಡುಗಿ ಮಲಗುವ ಹೊತ್ತಾಗುತ್ತದೆ.

"ಫೋನಲ್ಲೇ ಓದ್ಬಿಡಿ," ಎಂದೆ.

"ನೇರವಾಗಾ? ತಪ್ಪಿದ್ರೆ?"

"ತಪ್ಪಿದ್ರೆ ಆಕಾಶವೇನೂ ಕಳಚಿ ಬೀಳಲ್ಲ."

ಫೋನು ಹಚ್ಚಿ ನಡುಗುವ ದನಿಯಲ್ಲಿ ಶುರುಮಾಡಿದರು. ಸ್ವಲ್ಪ ಹೊತ್ತಿಗೇ ಹೃದಯದ ಮೇಲಿನ ಕೋಣೆಗೆ 'ಹೃತ್ಕರ್ಣ' ಎನ್ನಬೇಕಾದಲ್ಲಿ ಕೆಳಗಿನ ಕೋಣೆಯ ಹೆಸರು, 'ಹೃತ್ಕುಕ್ಷಿ' ಎಂದುಬಿಟ್ಟರು. ಅಭ್ಯಾಸಬಲ, ಕೈಯಲ್ಲಿದ್ದ ಕತ್ತರಿ ಕಚಕ್ ಎಂದಿತು.

"ಅದೇನಕ್ಕ ಸದ್ದು?" ಎಂದಳು ಹುಡುಗಿ.

"ನಾನು ತಪ್ಪಿದೆ ಪುಟ್ಟ, ಹೃತ್ಕರ್ಣ ಅನ್ನೋ ಕಡೆ ಹೃತ್ಕುಕ್ಷಿ ಅಂದೆ. ತಪ್ಪಿದಾಗೆಲ್ಲ ಹೀಗೆ ಸದ್ದು ಮಾಡಿ, ಆಮೇಲೆ ಅದನ್ನ ತೆಗೆದುಹಾಕ್ತೀನಿ."



"ನೀವೂ ತಪ್ತೀರಾ? ನಿಮಗೆಲ್ಲ ಒಂದೇ ಸಲಕ್ಕೆ ಬರುತ್ತೆ ಅನ್ಕೊಂಡಿದ್ದೆ. ಅವೆರಡು ನನಗೂ ಯಾವಾಗ್ಲೂ ಅದಲುಬದಲಾಗುತ್ತೆ ಅಕ್ಕ. ನನ್ನ ತಲೇನೇ ಸರಿಯಿಲ್ಲ, ನಾಳೆ ಪರೀಕ್ಷೆಗೇ ಹೋಗಲ್ಲ ಅಂತ ಕೂತಿದ್ದೆ."

 ಅತ್ತಿಗೆ ನಕ್ಕುಬಿಟ್ಟರು. "ಅಯ್ಯೋ ಹುಚ್ಚಿ, ನನ್ನ ತಪ್ಪಿಂದ ಕಂಪ್ಯೂಟರೇ ತುಂಬಿಹೋಗಿತ್ತು ಕಣೆ!" ತಮ್ಮ ತಪ್ಪಿಗೆ ತಾವೇ ನಗುವುದನ್ನು ನಾನು ಕಂಡಿದ್ದು ಅದೇ ಮೊದಲು.

ಉಳಿದ ಪಾಠವನ್ನು ಧೈರ್ಯವಾಗಿ ತಪ್ಪುತ್ತಾ, ತಿದ್ದುತ್ತಾ ಓದಿ ಮುಗಿಸಿದರು.

"ಈಗ ನಾನು ಒಪ್ಪಿಸ್ತೀನಿ. ತಪ್ಪಿದ್ರೆ ಕಚಕ್ ಅನ್ಸಿ," ಎಂದಳು ಹುಡುಗಿ.

ಮೊದಲ ಸುತ್ತಿನಲ್ಲಿ ಕತ್ತರಿಗೆ ಕೈತುಂಬ ಕೆಲಸ. ಪ್ರತಿ ಸದ್ದಿಗೂ ಇಬ್ಬರೂ ಬಿದ್ದು ಬಿದ್ದು ನಕ್ಕರು. ಹುಡುಗಿ ಮತ್ತೆ ಮೊದಲಿನಿಂದ ಹಿಡಿದಳು. ಹೃತ್ಕರ್ಣ ಬಂತು, ಹೃತ್ಕುಕ್ಷಿ ಬಂತು. ಅತ್ತಿಗೆ ಕತ್ತರಿಯ ಬಾಯಿ ತೆರೆದು ಹಿಡಿದೇ ಇದ್ದರು. ಪಾಠ ಮುಗಿಯಿತು.

"ಅಕ್ಕ, ಇದ್ದೀರಾ? ಸದ್ದೇ ಬರಲಿಲ್ಲ?"

"ಇದ್ದೀನಿ ಪುಟ್ಟ," ಎಂದು ಅತ್ತಿಗೆ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಬೇಗ ಮಲಗು. ಬೆಳಿಗ್ಗೆ ಪರೀಕ್ಷೆಗೆ ಹೋಗ್ಬೇಕು."