ಹಾರಿ ಹಾಕದೆ ಹಿಡಿದ ಮನೆ

ನನ್ನ ಗೆಳೆಯನ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ತಲೆ ನೆರೆತು ಇದನ್ನೆಲ್ಲ ಬರೆಯುವ ವಯಸ್ಸಿಗೆ ಬಂದ ಮೇಲೂ ಅದು ಪೂರ್ತಿ ಆರಿದೆ ಎಂದು ಹೇಳಲಾರೆ. ಅವನು ಇಳಕಲ್ಲಿನಲ್ಲಿ ರೇಷ್ಮೆಗೆ ಬಣ್ಣ ಹಾಕುವ ಮುಸಲ್ಮಾನರ ಮನೆಯವನು, ನಾನು ನೇಕಾರರ ಮನೆಯವನು. ಇಬ್ಬರೂ ಒಂದೇ ಸಾಲಿಯಲ್ಲಿ ಕೂತು ಒಬ್ಬರೇ ಮಾಸ್ತರರ ಕೈಯಲ್ಲಿ ಛಡಿ ಏಟು ತಿಂದವರು. ಅವನಿಗೆ ಬೀಳುವ ಏಟು ನನ್ನದಕ್ಕಿಂತ ಕಡಿಮೆ ನೋಯುತ್ತದೆ ಎಂದು ನನಗೆ ಆಗಲೇ ಅನ್ನಿಸುತ್ತಿತ್ತು. ಅವನು ಅಳುತ್ತಿರಲಿಲ್ಲ, ಅದಕ್ಕೆ.

ಪ್ಲೇಗು ಬಂದ ವರ್ಷ ಊರಿಗೆ ಊರೇ ಹಳ್ಳದಾಚೆ ಗುಡಿಸಲು ಹಾಕಿಕೊಂಡಿತ್ತು. ಬೇನೆ ಇಳಿದ ಮೇಲೆ ಎಲ್ಲರೂ ತಿರುಗಿ ಒಳಗೆ ಬಂದರು. ನಾವು ಬರುವಷ್ಟರಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ಬೇರೆಯವರು ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದರು. ಹೀಗಾಗಿ ನಾನು ಮತ್ತು ಅವ್ವ ಹಳ್ಳದಾಚೆಯೇ ಉಳಿದೆವು. ನನಗಿನ್ನೂ ಮದುವೆಯಾಗಿರಲಿಲ್ಲ. ಗುಡಿಸಲಿನ ನೆಲದಲ್ಲೇ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಮಗ್ಗ ನೇಯುತ್ತಿದ್ದೆ.

ನನಗೇನೋ ಕಾಲು ಗಟ್ಟಿ ಇದ್ದವು. ಕಷ್ಟವೆಲ್ಲ ಅವ್ವನದು. ಅವಳು ಕೊಂಡಿ ಹಾಕುವವಳು. ನಮ್ಮ ಸೀರೆಯ ಮೈ ನೂಲಿನದು, ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕದಿದ್ದರೆ ಸೀರೆಗೆ ಸೆರಗೇ ಇಲ್ಲ. ಊರೊಳಗಿದ್ದಾಗ ಅವಳು ಕಟ್ಟೆಯ ಮೇಲೆ ಕೂತರೆ ಸಾಕು, ಓಣಿಯವರೆಲ್ಲ ಕೆಲಸ ಹಿಡಿದುಕೊಂಡು ಬರುತ್ತಿದ್ದರು, ಜೊತೆಗೆ ಸುದ್ದಿಯನ್ನೂ ತರುತ್ತಿದ್ದರು. ಹಳ್ಳದಾಚೆ ಯಾರು ಬರುತ್ತಾರೆ? ಹೋಗೋಣವೆಂದರೆ ಅವಳ ಮೊಣಕಾಲು ಹಳ್ಳ ಇಳಿಯಲು ಒಪ್ಪುತ್ತಿರಲಿಲ್ಲ. ದಿನವಿಡೀ ತಾನೇ ಬಾಗಿಲಲ್ಲಿ ಕೂತು, ಸಂಜೆಯಾದರೆ ನನ್ನನ್ನು ಕೇಳುತ್ತಿದ್ದಳು: “ಇವತ್ತ ಯಾರರ ಬಂದಿದ್ರೇನೋ?”

ಆ ಮಾತು ಕೇಳಲಾಗದೆ ನಾನು ಮನೆ ಹುಡುಕುತ್ತಿದ್ದೆ. ಒಂದು ಕಡೆ ಬಾಡಿಗೆ ಕೇಳಿದ್ದೇ ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಇನ್ನೊಂದು ಕಡೆ ಮಗ್ಗ ಇಟ್ಟರೆ ಅವ್ವ ಓಣಿಯಲ್ಲಿ ಮಲಗಬೇಕು. ಕೈಗೆಟುಕುವ ಬಾಡಿಗೆಯ ಮನೆಗಳೆಲ್ಲ ಊರಿನ ಅಂಚಿಗೇ ಇದ್ದವು, ಅಲ್ಲಿಂದ ಬಜಾರಕ್ಕೆ ನಡೆಯುವುದೂ ಒಂದೇ, ಹಳ್ಳದಾಚೆಯಿಂದ ನಡೆಯುವುದೂ ಒಂದೇ.

ಒಂದು ಬುಧವಾರ ಬಣ್ಣದ ರೇಷ್ಮೆ ತರಲು ಗೆಳೆಯನಲ್ಲಿಗೆ ಹೋದೆ. ಮೊಣಕೈವರೆಗೆ ಕೆಂಪಾದ ಕೈಯಲ್ಲಿ ಹಂಡೆಯೊಳಗಿನ ರೇಷ್ಮೆ ತಿರುವುತ್ತ ಅವನು ನಕ್ಕ.

“ಮನಿ ಸಿಕ್ತಲೇ! ನೇಕಾರ ಓಣ್ಯಾಗ. ಅಗಲ ಕಟ್ಟಿ, ನಾಕ ಹೆಜ್ಜಿ ಇಟ್ರ ಬಜಾರ, ಹಿತ್ತಲದಾಗ ಬಾವಿ. ನೆಲಾ ಅಂತೂ ಒಳಗ ಹೊರಗ ಭಾಳ ಗಟ್ಟಿ, ಎಷ್ಟ ನೀರ ಚೆಲ್ಲಿದ್ರೂ ಕೆಸರ ಆಗೂದಿಲ್ಲ. ಮನಿಯೊಡತಿ ಆಯಿ ಬಾಡಿಗಿನೂ ಭಾಳ ಕೇಳ್ಲಿಲ್ಲ. ಶುಕ್ರವಾರ ನಮಾಜ್ ಮುಗಿಸಿ ಹೋಗಿ ಮಾತು ಕೊಟ್ಟು ಬರ್ತೇನಿ.”

“ಚಲೋ ಆತು ಬಿಡು,” ಅಂದೆ. ಹೊಟ್ಟೆಯೊಳಗೆ ಅವನ ಹಂಡೆಗಿಂತ ಜೋರಾಗಿ ಕುದಿಯುತ್ತಿತ್ತು. ಬಣ್ಣದವನಿಗೆ ಕಟ್ಟೆ ಯಾಕೆ ಬೇಕು? ಅವನ ತಾಯಿ ದಿನಕ್ಕೆರಡು ಸಲ ಬಜಾರ ಸುತ್ತಿ ಬರುವ ಗಟ್ಟಿ ಹೆಂಗಸು. ನಡೆಯಬಲ್ಲವಳಿಗೆ ಬಜಾರದ ಮಗ್ಗುಲಿಗೆ ಮನೆ, ನಡೆಯಲಾರದವಳಿಗೆ ಹಳ್ಳದಾಚೆ! ಅವನು ಹೇಳಿದ್ದರಲ್ಲಿ ಕಟ್ಟೆ ಎಂಬುದೊಂದು ಬಿಟ್ಟು ಬೇರೇನೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ.

ಮರುದಿನ ಗುರುವಾರ. ಎಲೆ, ಅಡಿಕೆ, ಒಂದು ತೆಂಗಿನಕಾಯಿ ಹಿಡಿದು ಆ ಮನೆಯೊಡತಿಯ ಬಳಿ ನಾನೇ ಹೋದೆ.

ನಮ್ಮ ಕಡೆ ನೇಕಾರ ಮನೆ ಹಿಡಿಯುವ ಮೊದಲು ಮಗ್ಗ ಕೂರುವ ಜಾಗದಲ್ಲಿ ಹಾರಿ, ಅಂದರೆ ಕಬ್ಬಿಣದ ಹಾರೆ, ಹಾಕಿ ನೋಡುತ್ತಾನೆ. ಇಳಕಲ್ಲು ಕಲ್ಲಿನ ಊರು. ಮೇಲೆ ಸಗಣಿ ಸಾರಿಸಿದ ನೆಲ ಚಂದವಾಗಿಯೇ ಇರುತ್ತದೆ, ಕೆಳಗೆ ಎಲ್ಲಿ ಬಂಡೆ ಮಲಗಿದೆ ಎಂದು ಹೇಳಲಾಗದು. ಹಾರಿ ಮೊಣಕಾಲುದ್ದ ಇಳಿದರೆ ಕುಣಿ ತೋಡಬಹುದು, ಇಳಿಯದಿದ್ದರೆ ನೇಕಾರ ಕೈಮುಗಿದು ಹೊರಡುತ್ತಾನೆ. ಅಪ್ಪ ನನಗೆ ಮಗ್ಗಕ್ಕಿಂತ ಮೊದಲು ಇದನ್ನೇ ಕಲಿಸಿದ್ದ. ಆದರೆ ಹಾರಿ ಹೆಗಲ ಮೇಲಿಟ್ಟುಕೊಂಡು ಬಜಾರದಲ್ಲಿ ನಡೆದರೆ ಎದುರು ಸಿಕ್ಕವರೆಲ್ಲ, “ಎಲ್ಲಿ ಮನಿ ನೋಡಿದ್ಯೋ?” ಎಂದು ಕೇಳುತ್ತಿದ್ದರು. ಸಂಜೆಯೊಳಗೆ ಬಣ್ಣದ ಹಂಡೆಯವರೆಗೆ ಸುದ್ದಿ ಮುಟ್ಟುತ್ತಿತ್ತು. ಹಾರಿಯನ್ನು ಗುಡಿಸಲಿನಲ್ಲೇ ಬಿಟ್ಟು ಹೋದೆ.

“ಬಣ್ಣದಾಂವ ಬರ್ತೇನಿ ಅಂದಿದ್ದನಲ್ಲೋ ತಮ್ಮಾ?” ಮುದುಕಿ ಕೇಳಿದಳು.

“ಅವ ಬ್ಯಾರೆ ಕಡೆ ನೋಡ್ಯಾನ್ರಿ ಆಯಿ.”

“ನೀ ನೇಕಾರ ಅಂತಿ. ನೆಲಾ ನೋಡೂದಿಲ್ಲೇನು?”

“ಎಲ್ಲಾ ನೋಡೇನ್ರಿ.”

ಒಂದು ಉಸಿರಿನಲ್ಲಿ ಎರಡು ಸುಳ್ಳು. ಮುದುಕಿ ಎಲೆ ಅಡಿಕೆ ತೆಗೆದುಕೊಂಡಳು. ಹಾಗೆ ತೆಗೆದುಕೊಂಡ ಮೇಲೆ ಕೊಟ್ಟವನೂ ಹಿಂದೆ ಸರಿಯುವಂತಿಲ್ಲ, ತೆಗೆದುಕೊಂಡವಳೂ ಸರಿಯುವಂತಿಲ್ಲ. ಓಣಿ ದಾಟುವಾಗ ನನಗೆ ನಗು ತಡೆಯಲಾಗಲಿಲ್ಲ. ಜೀವನದಲ್ಲಿ ಒಂದು ಸಲವಾದರೂ ಅವನಿಗೆ ಸಿಗಬೇಕಾದದ್ದು ನನಗೆ ಸಿಕ್ಕಿತ್ತಲ್ಲ!

ಶುಕ್ರವಾರ ಬೆಳಿಗ್ಗೆಯೇ ಅವ್ವನನ್ನು ಚಕ್ಕಡಿಯಲ್ಲಿ ಕೂರಿಸಿ ಕರೆತಂದೆ. ಅವಳು ಇಳಿದವಳೇ ಕಟ್ಟೆಯನ್ನು ಸೆರಗಿನಿಂದ ಒರೆಸಿ ಕೂತುಬಿಟ್ಟಳು. ಹಳೆಯ ಗುರುತಿನ ಹೆಂಗಸರು ಒಬ್ಬೊಬ್ಬರೇ ಬಂದರು. ನಾನು ಒಳಗೆ ಮಗ್ಗದ ಜಾಗ ಗೊತ್ತು ಮಾಡಿ ಹಾರಿ ಎತ್ತಿ ಹಾಕಿದೆ.

ಒಂದು ಗೇಣು ಇಳಿದು ಠಣ್ ಎಂದಿತು. ಎರಡು ಮಾರು ಸರಿದು ಹಾಕಿದೆ, ಠಣ್. ಗೋಡೆಯ ಮಗ್ಗುಲಿಗೆ ಹಾಕಿದೆ, ಅಲ್ಲೂ ಅದೇ. ಮನೆಯ ಉದ್ದಗಲಕ್ಕೂ ಒಂದೇ ಬಂಡೆ. ಹೊರಗೆ ಅವ್ವ ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ಕೇಳಿ ವರ್ಷದ ಮೇಲಾಗಿತ್ತು.

ಮಧ್ಯಾಹ್ನ ನಮಾಜ್ ಮುಗಿಸಿ ಗೆಳೆಯ ಬಂದ. ತೊಳೆದ ಅಂಗಿ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಮುದುಕಿಗೆಂದು ತಂದ ಸಕ್ಕರೆಯ ಪೊಟ್ಟಣ. ಕಟ್ಟೆಯ ಮೇಲಿದ್ದ ಅವ್ವನನ್ನು ನೋಡಿದ. ಒಳಗೆ ಬಂದು ನನ್ನ ಕೈಯಲ್ಲಿನ ಹಾರಿಯನ್ನೂ ನೆಲದ ತೂತುಗಳನ್ನೂ ನೋಡಿದ.

“ಹಾರಿ ಹಾಕಿ ನೋಡ್ಲಿಲ್ಲೇನೋ?”

“ಇಲ್ಲ.”

“ನೆಲಾ ಗಟ್ಟಿ ಐತಿ ಅಂತ ನಾನ ಹೇಳಿದ್ನಲ್ಲೋ.”

ಹೌದು, ಹೇಳಿದ್ದ. ಹಂಡೆ ಇಟ್ಟು ನೀರು ಚೆಲ್ಲುವವನಿಗೆ ಅದು ಬಂಗಾರದಂಥ ನೆಲ. ಗಟ್ಟಿ ನೆಲ ಎಂದರೆ ಸಾಕು, ನೇಕಾರನಾದವನ ಎದೆ ಧಸಕ್ಕೆನ್ನಬೇಕು. ನಾನು ಅದನ್ನು ಕೇಳಿಯೂ ಉರಿದುಕೊಂಡಿದ್ದೆ. ಅವನು ಬಯ್ಯುತ್ತಾನೆಂದು ಕಾದೆ. ಅವನ ಮುಖ ಕೆಂಪಾಯಿತು, ಬಾಯಿ ತೆರೆದ, ಹೊರಗೆ ಅವ್ವನ ದನಿ ಕೇಳಿ ಮುಚ್ಚಿಕೊಂಡ. ಸಕ್ಕರೆಯ ಪೊಟ್ಟಣವನ್ನು ಅವಳ ಕೈಗೆ ಕೊಟ್ಟು ಹೋದ.

ಆ ಮನೆ ಬಿಡುವ ಮಾತೇ ಇರಲಿಲ್ಲ. ಅವ್ವನ ಮುಂದೆ ಆಗಲೇ ಮೂರು ಮನೆಯ ಕೆಲಸ ಬಂದು ಬಿದ್ದಿತ್ತು. ಮಗ್ಗ ಹಳ್ಳದಾಚೆಯ ಕುಣಿಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ನಾನು ಅಲ್ಲಿಗೆ ನಡೆಯಬೇಕು, ಹೊತ್ತು ಮುಳುಗಿದ ಮೇಲೆ ತಿರುಗಿ ಬರಬೇಕು. ಎಲ್ಲವೂ ನಾಲ್ಕು ಹೆಜ್ಜೆಯಲ್ಲಿರುವ ಮನೆ ಹಿಡಿದು, ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ನಡೆಯುವವನು ನಾನೇ ಆದೆ. ಗೆಳೆಯ ಹಳೆಯ ಇಕ್ಕಟ್ಟಿನ ಮನೆಯಲ್ಲೇ ಕೆಸರು ತುಳಿಯುತ್ತ ಹಂಡೆ ಕಾಯಿಸುತ್ತಿದ್ದ. ನೋಡಿ ಖುಷಿಪಡಬೇಕೆಂದುಕೊಂಡೆ, ಆಗಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಅವನು ಅವ್ವನಿಗೆ ಸೆರಗಿನ ರೇಷ್ಮೆ ತಂದ. ಅವ್ವ ಅವನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿಕೊಂಡಳು.

“ನೋಡಪಾ, ನನ್ನ ಮಗಾ ಹುಡುಕಿದ ಮನಿ. ಇಲ್ಲಿ ಕುಂತ್ರ ಊರೆಲ್ಲಾ ನನ್ನ ಮುಂದ ಅಡ್ಡಾಡ್ತೈತಿ.”

ನಾನು ಬಾಗಿಲಲ್ಲೇ ನಿಂತೆ. ಅವನು ಒಂದು ಮಾತು ಹೇಳಿದರೆ ಸಾಕಿತ್ತು. ಅವನು ರೇಷ್ಮೆಯ ಗಂಟು ಬಿಚ್ಚುತ್ತ ಹೇಳಿದ: “ಹೌದ್ರಿ ಅವ್ವಾ. ಭಾಳ ಚಲೋ ಮನಿ ಹುಡುಕ್ಯಾನ.”

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮನೆಯ ಮೇಲಿನ ಹೊಟ್ಟೆಕಿಚ್ಚು ಮನೆ ಸಿಕ್ಕ ದಿನವೇ ಮುಗಿದಿತ್ತು. ಆ ಮಾತನ್ನು ಅಷ್ಟು ಸಲೀಸಾಗಿ ಆಡಬಲ್ಲ ಅವನನ್ನು ಕಂಡು ಹುಟ್ಟಿದ ಕಿಚ್ಚು ಇಂದಿಗೂ ಮುಗಿದಿಲ್ಲ. ಅಂಥ ಮನಸ್ಸನ್ನು ಮನೆಯ ಹಾಗೆ ಅವನಿಗಿಂತ ಮೊದಲು ಹೋಗಿ ಹಿಡಿಯುವಂತಿರಲಿಲ್ಲ. ರೊಟ್ಟಿಯ ಗಂಟು ಹೆಗಲಿಗೆ ಹಾಕಿಕೊಂಡು ಹಳ್ಳದ ಕಡೆ ನಡೆದೆ.